14 ಸಾವಿರಕ್ಕೆ ಐ5 ಲ್ಯಾಪ್‌ಟಾಪ್ ಕೊಡ್ತೀವಿ ಅಂತಾರೆ, ಮಕ್ಕಳ ಓದಿಗೆ ತಗೊಳ್ಳಬಹುದಾ?

ಆಳಂದದ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮದು ಆಳಂದ ತಾಲೂಕಿನ ಹಳ್ಳಿ. ಈ ಸಲ ತೊಗರಿ ಮಾರಿದ ದುಡ್ಡಿನಲ್ಲಿ 20 ಸಾವಿರ ಎತ್ತಿಟ್ಟಿದ್ದೇನೆ, ಮನೆಗೊಂದು ಕಂಪ್ಯೂಟರ್ ತರಬೇಕು ಅಂತ. ಮಗಳು 9ನೇ ತರಗತಿ, ಮಗ 6ನೇ ತರಗತಿ. ಮನೆಯವಳು ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾಳೆ. ಇಲ್ಲಿವರೆಗೆ ಎಲ್ಲದಕ್ಕೂ ನನ್ನ ಮೊಬೈಲ್ ಒಂದೇ. ನಾನು ಹೊಲಕ್ಕೆ ಹೋದರೆ ಮೊಬೈಲೂ ನನ್ನ ಜೊತೆ ಹೋಗುತ್ತದೆ, ಮಗಳ ಪಾಠ ಅಲ್ಲಿಗೇ ನಿಲ್ಲುತ್ತದೆ.

ಹೊಸದು ನಮ್ಮ ಕೈಗೆ ಎಟಕುವ ಹಾಗಿಲ್ಲ. ಕಲಬುರಗಿಯ ಒಂದು ಅಂಗಡಿಯಲ್ಲಿ ರಿಫರ್ಬಿಶ್ಡ್, ಅಂದರೆ ಹಳೆಯದನ್ನು ಸರಿಮಾಡಿದ, ಲ್ಯಾಪ್‌ಟಾಪ್ ತೋರಿಸಿದರು. ಎಚ್‌ಪಿ ಎಲೈಟ್‌ಬುಕ್, ಐ5, 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ (ಫೈಲ್ ಇಡುವ ಡಿಸ್ಕ್), ವಿಂಡೋಸ್ 11 ಹಾಕಿದೆ. ಬೆಲೆ 14 ಸಾವಿರ. ನೋಡೋಕೆ ಹೊಸದರ ಹಾಗೇ ಇದೆ. ನಾಳೆ ಸಂಜೆ ತನಕ ಹೇಳಿ, ಇಲ್ಲಾಂದ್ರೆ ಬೇರೆಯವರು ಒಯ್ಯುತ್ತಾರೆ ಅಂದಿದ್ದಾರೆ. ತಗೊಳ್ಳಲಾ?

ಬೀದರ್ ರಿಪೇರಿ

ಅಣ್ಣಾರೇ, ಅವಸರ ಮಾಡಬೇಡಿ. ಅಂತಹ ಮಷಿನ್ ರಾಶಿ ರಾಶಿ ಬರುತ್ತವೆ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಿಸುತ್ತವೆ, ಹಳೆಯವು ನೂರರ ಲೆಕ್ಕದಲ್ಲಿ ಹೈದರಾಬಾದ್, ಬೆಂಗಳೂರಿನ ಮಾರ್ಕೆಟ್‌ಗೆ ಇಳಿಯುತ್ತವೆ. ಇದು ಹೋದರೆ ಮತ್ತೊಂದು ಬರುತ್ತದೆ.

ಮೊದಲು ಒಂದು ವಿಷಯ ತಿಳಿದುಕೊಂಡು ಬನ್ನಿ. ಐ5 ಅಂದರೆ ಯಾವ ಐ5? ಐ5 ಅನ್ನೋ ಇಂಟೆಲ್ ಪ್ರೊಸೆಸರ್ ಹೆಸರು 2009ರಿಂದ ಇದೆ. ಆಗಿನದೂ ಐ5, ನಿನ್ನೆ ಮೊನ್ನೆಯದೂ ಐ5. ಅಡ್ಡಗೆರೆಯ ಮುಂದಿನ ನಂಬರ್ ನೋಡಬೇಕು. ಐ5-6300ಯು ಅಂತಿದ್ದರೆ 6ನೇ ಜನರೇಷನ್, ಅಂದರೆ 6ನೇ ತಲೆಮಾರು. ಐ5-8250ಯು ಅಂತಿದ್ದರೆ 8ನೇದು. ಐ5-10210ಯು ಅಂದರೆ 10ನೇದು. ಅಂಗಡಿಯಲ್ಲಿ ‘ದಿಸ್ ಪಿಸಿ’ ಮೇಲೆ ಬಲಗಡೆ ಬಟನ್ ಒತ್ತಿ ಪ್ರಾಪರ್ಟೀಸ್ ತೆರೆದರೆ ಕಾಣುತ್ತದೆ. ಆ ನಂಬರ್ ಇಲ್ಲಿ ಹಾಕಿ.

ಆಳಂದದ ಅಪ್ಪ

ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ. ಐ5-6300ಯು ಅಂತೆ. ಮಾಡೆಲ್ ಎಲೈಟ್‌ಬುಕ್ 840 ಜಿ3.

ಬೀದರ್ ರಿಪೇರಿ

ಅಂದುಕೊಂಡ ಹಾಗೇ ಆಯ್ತು. ಇದು 2015-16ರ ಕಾಲದ ಮಷಿನ್, ಹತ್ತು ವರ್ಷ ಹಳೆಯದು. ಗಟ್ಟಿ ಮಾಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಅದಕ್ಕಿಂತ ಹಳೆಯದರಲ್ಲಿ ಆ ತಪಾಸಣೆ ತಪ್ಪಿಸಿ 11 ಕೂರಿಸಲು ದಾರಿ ಇದೆ, ನಿಮಗೆ ತೋರಿಸಿದ್ದು ಅದೇ. ಇವತ್ತು ಓಡುತ್ತದೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಪ್ರತಿ ಸಲ ನನ್ನಂಥವನ ಹತ್ತಿರ ತಂದು ಕೂರಿಸಿಕೊಳ್ಳಬೇಕು.

ವಿಂಡೋಸ್ 10 ಹಾಕಿಸಿಕೊಳ್ತೀನಿ ಅಂದರೂ ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟರು, ಅದೂ 2026ರ ಅಕ್ಟೋಬರ್ ತನಕ ಮಾತ್ರ. ನಿಮ್ಮ ಮಗಳು 9ನೇ ತರಗತಿ. ಅವಳ ಪಿಯುಸಿ ಮುಗಿಯುವ ತನಕ ಬಾಳಬೇಕಲ್ವಾ? 8ನೇ ಜನರೇಷನ್‌ಗೆ ಹೋಗಿ. ನಾಲ್ಕೈದು ಸಾವಿರ ಜಾಸ್ತಿ ಆಗುತ್ತದೆ, ಆಗಲಿ. 6300ಯು ಒಳಗೆ ಕೋರ್, ಅಂದರೆ ಕೆಲಸ ಮಾಡುವ ಭಾಗ, ಎರಡೇ. 8250ಯುನಲ್ಲಿ ನಾಲ್ಕು. ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಸೇಡಂ ಗಣಿತ ಟೀಚರ್

ರಿಪೇರಿ ಅಣ್ಣನ ಮಾತು ಸರಿ, ಆದರೆ 6ನೇ ಜನರೇಷನ್ ಅಂದ ತಕ್ಷಣ ಬೇಡ ಅನ್ನೋದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಾನು ಅದೇ ತಲೆಮಾರಿನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಒಂದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ವ್ಯವಸ್ಥೆ ಹಾಕಿ ಮೂರು ವರ್ಷದಿಂದ ಪಾಠಕ್ಕೆ ಬಳಸುತ್ತಿದ್ದೇನೆ. ಅಪ್‌ಡೇಟ್ ಬರುತ್ತವೆ, ಲೈಸೆನ್ಸ್ ದುಡ್ಡಿಲ್ಲ. ಗಣಿತಕ್ಕೆ ಜಿಯೊಜೀಬ್ರಾ, ಬರವಣಿಗೆ ಲೆಕ್ಕಕ್ಕೆ ಲಿಬ್ರೆ ಆಫೀಸ್, ಪ್ರೋಗ್ರಾಮಿಂಗ್‌ಗೆ ಪೈಥಾನ್ ಎಲ್ಲ ಓಡುತ್ತವೆ. ಕನ್ನಡ ಟೈಪಿಂಗಿಗೆ ನುಡಿ ತಂತ್ರಾಂಶದಲ್ಲಿರುವ ಅದೇ ಕಗಪ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ.

ಇದೇ 14 ಸಾವಿರದ್ದನ್ನು 11 ಸಾವಿರಕ್ಕೆ ಇಳಿಸಿದರೆ, ಮನೆಯಲ್ಲಿ ಲಿನಕ್ಸ್ ಕಲಿಯುವ ಮನಸ್ಸಿದ್ದರೆ, ಓದಿಗೆ ಸಾಕಾಗುತ್ತದೆ.

ಬೀದರ್ ರಿಪೇರಿ

ಟೀಚರ್, ನಿಮಗೆ ಅದು ಸುಲಭ. ಇವರ ಮನೆಯಲ್ಲಿ ಮೊದಲ ಕಂಪ್ಯೂಟರ್. ಪ್ರಿಂಟರ್ ಹಿಡಿಯಲಿಲ್ಲ, ಸಂಘದ ಎಕ್ಸೆಲ್ ಫೈಲ್ ಸರಿಯಾಗಿ ತೆರೆಯಲಿಲ್ಲ ಅಂದರೆ ಆ ಹಳ್ಳಿಯಲ್ಲಿ ಯಾರನ್ನು ಕೇಳಬೇಕು? ಪಕ್ಕದ ಮನೆಯವರಿಗೆ ಗೊತ್ತಿರುವುದೇ ಇವರ ಮನೆಯಲ್ಲೂ ಇರಲಿ. ಮಕ್ಕಳು ಕಲಿತ ಮೇಲೆ ಲಿನಕ್ಸ್ ಹಾಕಿಕೊಳ್ಳಲಿ.

ಸೇಡಂ ಗಣಿತ ಟೀಚರ್

ಕೇಳೋಕೆ ಜನ ಬೇಕು, ನಿಜ. ಆ ಮಾತು ಒಪ್ಪುತ್ತೇನೆ.

ಸುರಪುರದ ಅಕ್ಕ

ಅಣ್ಣ, ದುಡ್ಡು ಕೊಡುವ ಮುಂಚೆ ನನ್ನ ಕಥೆ ಒಂದು ಕೇಳಿ. ಕಳೆದ ವರ್ಷ ಮಗನಿಗೆ ಡೆಲ್ ಲ್ಯಾಟಿಟ್ಯೂಡ್ ತಂದೆವು. 19 ಸಾವಿರ ಕೊಟ್ಟೆವು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಮಗ ಏನೋ ಡೌನ್‌ಲೋಡ್ ಮಾಡಿ ನಿಧಾನ ಆಯ್ತು. ರೀಸೆಟ್ ಮಾಡಿದರೆ ಸರಿ ಹೋಗುತ್ತದೆ ಅಂದರು. ರೀಸೆಟ್ ಮುಗಿದು ವೈಫೈ ಹಾಕಿದ ಕೂಡಲೇ ಪರದೆ ಮೇಲೆ ಯಾವುದೋ ಪರದೇಶದ ಕಂಪನಿಯ ಹೆಸರು ಬಂತು. ‘ಸ್ವಾಗತ, ನಿಮ್ಮ ಆಫೀಸಿನ ಇಮೇಲ್ ಹಾಕಿ’ ಅಂತ ಇಂಗ್ಲಿಷ್‌ನಲ್ಲಿ. ಮುಂದೆ ಹೋಗೋದೇ ಇಲ್ಲ. ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮಾರನೇ ದಿನ ಅವನ ಪ್ರಾಜೆಕ್ಟ್ ಕೊಡೋದಿತ್ತು, ಅದೂ ಅದರೊಳಗೇ ಹೋಯ್ತು.

ಮಾರಿದವರ ಬಳಿ ಹೋದರೆ ‘ನಾವು ಕೊಟ್ಟಾಗ ಚೆನ್ನಾಗಿತ್ತು’ ಅಂದರು. ಬಿಲ್ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಬಿಳಿ ಚೀಟಿ. ಅದರಲ್ಲಿ ‘ಲ್ಯಾಪ್‌ಟಾಪ್ 1’ ಅಂತ ಬಿಟ್ಟರೆ ಏನೂ ಬರೆದಿರಲಿಲ್ಲ.

ಬೀದರ್ ರಿಪೇರಿ

ಅಕ್ಕಾರೇ, ಇದು ನನ್ನ ಮೇಜಿಗೆ ತಿಂಗಳಿಗೆ ಒಂದಾದರೂ ಬರುತ್ತದೆ. ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ನ ಗುರುತನ್ನು ಮೈಕ್ರೋಸಾಫ್ಟ್ ಬಳಿ ನೋಂದಾಯಿಸಿರುತ್ತವೆ. ಮಾರುವಾಗ ಅದನ್ನು ತೆಗೆಸಬೇಕು. ತೆಗೆಸದೇ ಬಿಟ್ಟರೆ ಹೊಸದಾಗಿ ವಿಂಡೋಸ್ ಹಾಕಿ ಇಂಟರ್ನೆಟ್ ಕೊಟ್ಟಾಗ ಅದು ಹಳೆಯ ಮಾಲೀಕನನ್ನೇ ಕೇಳುತ್ತದೆ. ಇಂಟರ್ನೆಟ್ ಇಲ್ಲದೆ ಸೆಟಪ್ ಮಾಡಿ ಮಾರಿದರೆ ಅಂಗಡಿಯಲ್ಲಿ ಗೊತ್ತೇ ಆಗುವುದಿಲ್ಲ.

ಹಾಗಾಗಿ ಅಂಗಡಿಯವರಿಗೆ ಹೇಳಿ: ನನ್ನ ಎದುರಿಗೆ ರೀಸೆಟ್ ಮಾಡಿ, ನನ್ನ ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಮೊದಲಿನಿಂದ ಸೆಟಪ್ ಮಾಡಿ ತೋರಿಸಿ. ಒಂದು ಗಂಟೆ ಹಿಡಿದರೂ ಕಾಯಿರಿ. ಟೀ ಕುಡಿದು ಬನ್ನಿ ಅಂದರೂ ಅಲ್ಲೇ ಕೂತಿರಿ. ಹಾಗೇ ಮಷಿನ್ ಆನ್ ಆಗುವಾಗ ಬಯೋಸ್ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ಸ್) ಒಳಗೂ ಹೋಗಿ ನೋಡಿ. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಆ ಮಷಿನ್ ಬೇಡ.

ಯಾದಗಿರಿ ಸೈಬರ್

ನನ್ನ ಸಲಹೆ ಬೇರೆ. ಲ್ಯಾಪ್‌ಟಾಪ್ ಯಾಕೆ? ಡೆಸ್ಕ್‌ಟಾಪ್ ತಗೊಳ್ಳಿ. ನಮ್ಮ ಸೆಂಟರ್‌ನಲ್ಲಿ ಆರು ರಿಫರ್ಬಿಶ್ಡ್ ಡೆಲ್ ಆಪ್ಟಿಪ್ಲೆಕ್ಸ್ ಡೆಸ್ಕ್‌ಟಾಪ್ ಇವೆ. 371(ಜೆ) ಪ್ರಮಾಣಪತ್ರ, ಸ್ಕಾಲರ್‌ಶಿಪ್, ಸಿಇಟಿ ಅರ್ಜಿ ಅಂತ ಬೆಳಗ್ಗೆಯಿಂದ ರಾತ್ರಿ ತನಕ ಓಡುತ್ತವೆ. ನಾಲ್ಕು ವರ್ಷದಲ್ಲಿ ಒಂದು ಪವರ್ ಸಪ್ಲೈ, ಎರಡು ಕೀಬೋರ್ಡ್ ಹೋಗಿವೆ, ಅಷ್ಟೇ. ಏನು ಕೆಟ್ಟರೂ ಬಿಡಿಸಿ ಬದಲಿಸಬಹುದು. ಕೀಬೋರ್ಡ್ ಮೇಲೆ ಚಹಾ ಬಿದ್ದರೆ 400 ರೂಪಾಯಿ ಖರ್ಚು. ಲ್ಯಾಪ್‌ಟಾಪ್ ಮೇಲೆ ಬಿದ್ದರೆ ಮದರ್‌ಬೋರ್ಡ್ ಹೋಗಬಹುದು. ಮಾನಿಟರ್ ದೊಡ್ಡದು, ಮಕ್ಕಳ ಕುತ್ತಿಗೆ ಬಾಗುವುದಿಲ್ಲ. ಕಂಪ್ಯೂಟರ್ ಪಡಸಾಲೆಯಲ್ಲೇ ಇರುತ್ತದೆ, ಮಗ ಏನು ನೋಡುತ್ತಿದ್ದಾನೆ ಅಂತ ಎಲ್ಲರಿಗೂ ಕಾಣುತ್ತದೆ.

ಹುಮನಾಬಾದ್ ಹುಡುಗ

ಅಣ್ಣ, ಕರೆಂಟ್?

ಯಾದಗಿರಿ ಸೈಬರ್

ತಮ್ಮಾ, ಅದಕ್ಕೂ ದಾರಿ ಇದೆ. ಆಪ್ಟಿಪ್ಲೆಕ್ಸ್ ಮೈಕ್ರೋ ಅಂತ ಪುಸ್ತಕದಷ್ಟು ದೊಡ್ಡದು ಬರುತ್ತದೆ, 65 ವ್ಯಾಟ್ ಅಡಾಪ್ಟರ್ ಮೇಲೆ ಓಡುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೆ ಸಲೀಸಾಗಿ ನಡೆಯುತ್ತದೆ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇರುತ್ತದೆ, ಅದನ್ನು ಹಾಕಬೇಕು. ಇಲ್ಲಾಂದ್ರೆ ಕರೆಂಟ್ ಹೋದ ಆ ಕ್ಷಣಕ್ಕೆ ಕಂಪ್ಯೂಟರ್ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ವೈಫೈ ಇದೆಯಾ ಅಂತ ಮಾತ್ರ ಕೇಳಿ ತಗೊಳ್ಳಿ. ಹಳೆಯ ಡೆಸ್ಕ್‌ಟಾಪ್ ಬಹಳಷ್ಟರಲ್ಲಿ ಇರುವುದಿಲ್ಲ, ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ಬೇಕಾಗುತ್ತದೆ.

ಆಳಂದದ ಅಪ್ಪ

ಸೈಬರ್ ಅಣ್ಣ, ನಿಮ್ಮ ಮಾತು ಮನಸ್ಸಿಗೆ ಹಿಡಿಸಿತು. ಆದರೆ ನಮ್ಮ ಮನೆಯಲ್ಲಿ ಇನ್ವರ್ಟರ್ ಇಲ್ಲ. ಬೇಸಿಗೆಯಲ್ಲಿ ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಹೇಳೋಕಾಗಲ್ಲ, ಮಕ್ಕಳು ಓದುವುದೂ ಅದೇ ಹೊತ್ತಿಗೆ. ಮನೆಯವಳು ಸಂಘದ ಸಭೆಗೆ ಒಯ್ಯಬೇಕು ಅಂತಾಳೆ. ಹಾಗಾಗಿ ಲ್ಯಾಪ್‌ಟಾಪೇ ನೋಡ್ತೀನಿ. ಬೀದರ್ ಅಣ್ಣ, 8ನೇ ಜನರೇಷನ್ ಸಿಕ್ಕರೆ ಅಂಗಡಿಯಲ್ಲಿ ಇನ್ನೇನು ನೋಡಲಿ?

ಬೀದರ್ ರಿಪೇರಿ

ಬ್ಯಾಟರಿ. ಲ್ಯಾಪ್‌ಟಾಪ್ ತಗೊಳ್ಳುವುದೇ ಕರೆಂಟ್‌ಗೋಸ್ಕರ ಅಂದ ಮೇಲೆ ಅದನ್ನೇ ಗಟ್ಟಿಯಾಗಿ ನೋಡಬೇಕು. ‘100% ಚಾರ್ಜ್’ ಅಂತ ತೋರಿಸಿದರೆ ಅದರ ಅರ್ಥ ಏನೂ ಇಲ್ಲ. ಒಂದು ಲೋಟ ಹಿಡಿಯುವ ಕೊಡ ತುಂಬಿದರೂ ತುಂಬಿದ ಕೊಡವೇ. ವಿಂಡೋಸ್ ಒಳಗೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ. ಕಮಾಂಡ್ ಪ್ರಾಂಪ್ಟ್‌ನಿಂದ ತೆಗೆಯಬೇಕು, ಅಂಗಡಿಯ ಹುಡುಗರಿಗೆ ಗೊತ್ತಿರುತ್ತದೆ. ಅದರಲ್ಲಿ ಎರಡು ಸಾಲು ನೋಡಿ. ‘ಡಿಸೈನ್ ಕೆಪ್ಯಾಸಿಟಿ’ ಅಂದರೆ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು. ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಅಂದರೆ ಈಗ ಎಷ್ಟು ಹಿಡಿಯುತ್ತದೆ. ಮೊದಲನೆಯದು 60,000 ಇದ್ದು ಎರಡನೆಯದು 25,000 ಇದ್ದರೆ ಅರ್ಧಕ್ಕಿಂತ ಜಾಸ್ತಿ ಹೋಗಿದೆ ಅಂತ. ಬದಲಿಸಿ ಕೊಡಿ ಅನ್ನಿ, ಇಲ್ಲಾಂದ್ರೆ ಬೆಲೆ ಇಳಿಸಿ ಅನ್ನಿ.

ಹೊಸ ಬ್ಯಾಟರಿ ಹಾಕಿದ್ದೀವಿ ಅಂದರೆ ಆ ಲ್ಯಾಪ್‌ಟಾಪನ್ನು ಸಪಾಟಾದ ಮೇಜಿನ ಮೇಲಿಟ್ಟು ನಾಲ್ಕು ಮೂಲೆ ಒತ್ತಿ. ಅಲ್ಲಾಡಿದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದ ಹಾಗಿದ್ದರೆ ಒಳಗೆ ಬ್ಯಾಟರಿ ಊದಿರಬಹುದು. ಅದನ್ನು ಮನೆಗೆ ತರಬೇಡಿ, ಬೆಂಕಿಯ ಭಯ.

ಚಾರ್ಜರ್ ಕೂಡ ಹಾಕಿ ನೋಡಿ. ಡೆಲ್ ಆಗಿದ್ದರೆ ನಕಲಿ ಚಾರ್ಜರ್ ಹಾಕಿದಾಗ ‘ಅಡಾಪ್ಟರ್ ಯಾವುದು ತಿಳಿಯುತ್ತಿಲ್ಲ’ ಅನ್ನೋ ಅರ್ಥದ ಸಂದೇಶ ಬರುತ್ತದೆ. ಮಷಿನ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ.

ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಂತ ಉಚಿತ ಸಾಫ್ಟ್‌ವೇರ್ ಇದೆ, ಆರೋಗ್ಯ ಎಷ್ಟು ಉಳಿದಿದೆ, ಎಷ್ಟು ಗಂಟೆ ಓಡಿದೆ ಎರಡೂ ಹೇಳುತ್ತದೆ. ಕೀಬೋರ್ಡ್‌ನ ಎಲ್ಲ ಕೀಲಿ ಒತ್ತಿ, ಕ್ಯಾಮೆರಾ, ಮೈಕ್, ಸ್ಪೀಕರ್ ನೋಡಿ. ಪರದೆ ಮೇಲೆ ಪೂರ್ತಿ ಬಿಳಿ ಚಿತ್ರ ಹಾಕಿದರೆ ಕಲೆ ಇದ್ದರೆ ಕಾಣುತ್ತದೆ.

ಹುಮನಾಬಾದ್ ಹುಡುಗ

ಇನ್ನೊಂದು ಸೇರಿಸ್ತೀನಿ. ವಿಂಡೋಸ್ ಅಸಲಿಯಾ ನೋಡಿ. ನನ್ನದರಲ್ಲಿ ‘ಆಕ್ಟಿವೇಟೆಡ್’ ಅಂತಲೇ ತೋರಿಸುತ್ತಿತ್ತು. ಕಾಲೇಜಿನ ಲ್ಯಾಬ್ ಸರ್ ಆಕ್ಟಿವೇಷನ್ ಯಾವತ್ತಿನವರೆಗೆ ಅಂತ ತೆಗೆದು ನೋಡಿದರು. ಆರು ತಿಂಗಳ ಮುಂದಿನ ತಾರೀಖು ಬಂತು. ಅದು ಕಂಪನಿಗಳಿಗೆ ಕೊಡುವ ರೀತಿಯ ಆಕ್ಟಿವೇಷನ್, 180 ದಿನದ್ದು, ಅದನ್ನು ಕಳ್ಳದಾರಿಯಲ್ಲಿ ಹಾಕಿದ್ದಾರೆ ಅಂದರು. ಅಸಲಿ ಆಗಿದ್ದರೆ ಶಾಶ್ವತ ಅಂತ ಬರುತ್ತದೆ. ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ ಅಂತೆ, ಸರಿಯಾದ ಆವೃತ್ತಿ ಹಾಕಿದರೆ ತಾನಾಗೇ ಆಕ್ಟಿವೇಟ್ ಆಗುತ್ತದೆ. ನನ್ನದು ಹಾಗೇ ಆಯ್ತು, ದುಡ್ಡು ಖರ್ಚಾಗಲಿಲ್ಲ.

ಮತ್ತೆ ನಾನು ತಂದದ್ದು ಸಿಕಂದರಾಬಾದ್‌ನಿಂದ. ಇಲ್ಲಿಗಿಂತ 2,500 ಕಡಿಮೆ ಸಿಕ್ಕಿತ್ತು. ಹಿಂಜ್ ಸಡಿಲ ಆಗಿ, ಆಮೇಲೆ ಪರದೆಯ ಕೇಬಲ್ ಹೋಗಿ, ವಾರಂಟಿಗೆ ಎರಡು ಸಲ ಹೋಗಿ ಬಂದೆ. ಬಸ್ಸು, ಊಟ, ಎರಡು ದಿನದ ಕ್ಲಾಸು. ಉಳಿಸಿದ್ದು ಅಲ್ಲೇ ಹೋಯ್ತು.

ಸುರಪುರದ ಅಕ್ಕ

ಹತ್ತಿರದ ಅಂಗಡಿ ಒಳ್ಳೇದು ಅಣ್ಣ. ಜಿಎಸ್‌ಟಿ ಬಿಲ್ ಹಾಕಿಸಿ. ಬಿಲ್ ಮೇಲೆ ಸೀರಿಯಲ್ ನಂಬರ್, ಪ್ರೊಸೆಸರ್ ನಂಬರ್, ವಾರಂಟಿ ಎಷ್ಟು ತಿಂಗಳು, ಬ್ಯಾಟರಿಗೂ ಇದೆಯಾ, ಎಲ್ಲ ಬರೆಸಿ. ಕೇಳೋಕೆ ಸಂಕೋಚ ಬೇಡ. ನಾನು ಸಂಕೋಚ ಪಟ್ಟಿದ್ದೆ.

ಬೀದರ್ ರಿಪೇರಿ

ಆ ಸೀರಿಯಲ್ ನಂಬರ್ ಇನ್ನೊಂದಕ್ಕೂ ಉಪಯೋಗ. ಡೆಲ್, ಎಚ್‌ಪಿ, ಲೆನೊವೊ ವೆಬ್‌ಸೈಟ್‌ನಲ್ಲಿ ಅದನ್ನು ಹಾಕಿದರೆ ಮೂಲ ವಾರಂಟಿ ಯಾವಾಗ ಮುಗಿಯಿತು ಅಂತ ಬರುತ್ತದೆ. ಅದರಿಂದ ವಯಸ್ಸು ಲೆಕ್ಕ ಹಾಕಬಹುದು. ಮತ್ತೆ ಮಾಡೆಲ್ ಹೆಸರು ಒಂದನ್ನೇ ನಂಬಬೇಡಿ. ಥಿಂಕ್‌ಪ್ಯಾಡ್ ಟಿ480 ಅಂದರೆ ಎಲ್ಲರೂ 8ನೇದು ಅಂತಾರೆ, ಅದರಲ್ಲಿ 7ನೇ ಜನರೇಷನ್ ಪ್ರೊಸೆಸರ್ ಹಾಕಿದವೂ ಇವೆ.

ಆಳಂದದ ಅಪ್ಪ

ಎಲ್ಲರಿಗೂ ಸುದ್ದಿ ಹೇಳಬೇಕು. ಶನಿವಾರ ಮಗಳನ್ನೂ ಕರೆದುಕೊಂಡು ಕಲಬುರಗಿಗೆ ಹೋದೆ. ನೀವು ಹೇಳಿದ್ದನ್ನೆಲ್ಲ ಅವಳು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಳು. ಮೊದಲಿನ ಅಂಗಡಿಯಲ್ಲಿ ರೀಸೆಟ್ ಮಾಡಿ ತೋರಿಸಿ ಅಂದಾಗ ‘ಅಷ್ಟು ಟೈಮ್ ಇಲ್ಲ’ ಅಂದರು. ಎದ್ದು ಬಂದೆವು.

ಎರಡನೇ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ‘ಕೂಡ್ರಿ, ನಿಮ್ಮ ಎದುರಿಗೇ ಮಾಡ್ತೀನಿ’ ಅಂದರು. ಡೆಲ್ ಲ್ಯಾಟಿಟ್ಯೂಡ್ 7490, ಐ5-8350ಯು, 8 ಜಿಬಿ, 256 ಎಸ್‌ಎಸ್‌ಡಿ. ಮಗಳು ಒಂದೊಂದೇ ಓದಿ ಟಿಕ್ ಹಾಕುತ್ತಾ ಹೋದಳು. ಬಯೋಸ್‌ಗೆ ಪಾಸ್‌ವರ್ಡ್ ಇಲ್ಲ. ರೀಸೆಟ್ ಆಗಿ ನನ್ನ ಹಾಟ್‌ಸ್ಪಾಟ್ ಹಾಕಿದಾಗ ಯಾವ ಕಂಪನಿ ಹೆಸರೂ ಬರಲಿಲ್ಲ. ವಿಂಡೋಸ್ ಶಾಶ್ವತ ಅಂತ ಬಂತು. ಕೀಬೋರ್ಡ್‌ನಲ್ಲಿ ‘ಪಿ’ ಕೀಲಿ ಎರಡು ಸಲ ಒತ್ತಿದರೆ ಒಂದು ಸಲ ಹಿಡಿಯುತ್ತಿತ್ತು, ಅದನ್ನು ಅವಳೇ ಹಿಡಿದಳು. ಅವರು ಬೇರೆ ಕೀಬೋರ್ಡ್ ಹಾಕಿಕೊಟ್ಟರು. ಬ್ಯಾಟರಿ ರಿಪೋರ್ಟ್‌ನಲ್ಲಿ 60,000ಕ್ಕೆ 41,000 ಇತ್ತು. 19,500 ಹೇಳಿದ್ದರು, 18,500ಕ್ಕೆ ಮುಗಿಯಿತು. ಆರು ತಿಂಗಳ ವಾರಂಟಿ, ಬ್ಯಾಟರಿಗೆ ಮೂರು ತಿಂಗಳು, ಎಲ್ಲ ಬಿಲ್ ಮೇಲೆ ಬರೆದುಕೊಟ್ಟಿದ್ದಾರೆ.

ಬೀದರ್ ರಿಪೇರಿ

ಒಳ್ಳೆ ವ್ಯಾಪಾರ. ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಒಂದು ಮಾತು: ನಮ್ಮ ಕಡೆ ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು. ಗಾದಿ ಮೇಲೆ ಇಟ್ಟುಕೊಂಡು ಬಳಸಬೇಡಿ, ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತದೆ. ಮೇಜು ಇಲ್ಲದಿದ್ದರೆ ಬರಿ ಫರ್ಸಿ ಮೇಲೆ ಇಡಿ, ತಂಪಾಗಿರುತ್ತದೆ. ತೊಗರಿ ಹೊಟ್ಟಿನ ಧೂಳು ಫ್ಯಾನ್‌ನಲ್ಲಿ ಹತ್ತಿಯ ಹಾಗೆ ಕೂರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ, ಪ್ರೊಸೆಸರ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ.

ಸೇಡಂ ಗಣಿತ ಟೀಚರ್

ಪಠ್ಯಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎರಡೂ ಮಕ್ಕಳದ್ದು ಇಳಿಸಿ ಇಡಿ. ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಷನ್ ನೋಡಿ, ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿದ್ದು, ಅದೂ ಉಚಿತ. ಒಂದೊಂದನ್ನು ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ಓಡುತ್ತವೆ. 10ನೇ ತರಗತಿಯಲ್ಲಿ ಓಮ್ ನಿಯಮ ಬರುತ್ತದೆ. ಪರದೆ ಮೇಲೇ ತಂತಿ ಎಳೆದು, ಬಲ್ಬ್ ಕೂರಿಸಿ, ಬ್ಯಾಟರಿ ಏರಿಸಿ ನೋಡಲಿ. ನಮ್ಮ ಶಾಲೆಯಲ್ಲಿ ಹಿಂದಿನ ಬೆಂಚಿನ ಮಕ್ಕಳೂ ಎದ್ದು ಮುಂದೆ ಬರೋದು ಅದನ್ನು ತೆರೆದಾಗಲೇ. ಇಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿಕೊಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ.

ಆಳಂದದ ಅಪ್ಪ

ಟೀಚರ್, ಆ ತಂತಿ ಬಲ್ಬಿನ ಆಟ ಹಾಕಿದ್ದೇವೆ, ಮಗನೇ ಬಿಡುತ್ತಿಲ್ಲ. ಈಗ ಎರಡು ತೊಂದರೆ. ಸಂಘದ ಹಳೇ ಲೆಕ್ಕದ ಫೈಲ್ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತಿವೆ. ಮತ್ತೆ ಚಾರ್ಜರ್ ಹಾಕಿ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮಷಿನ್ ಕೆಟ್ಟಿದೆಯಾ?

ಯಾದಗಿರಿ ಸೈಬರ್

ಫೈಲ್ ಕೆಟ್ಟಿಲ್ಲ ಅಣ್ಣ. ಅದನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಎಲ್ಲ ಕಂಪ್ಯೂಟರ್‌ನಲ್ಲೂ ಓದಬರುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಗೇ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿಕೊಳ್ಳಿ, ಅದರಲ್ಲೇ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಇನ್ನು ಮುಂದೆ ಅಕ್ಕ ಯೂನಿಕೋಡ್‌ನಲ್ಲೇ ಟೈಪ್ ಮಾಡಲಿ, ಮೊಬೈಲ್‌ನಲ್ಲೂ ಸರಿಯಾಗಿ ಕಾಣುತ್ತದೆ.

ಬೀದರ್ ರಿಪೇರಿ

ಜುಮ್ ಅನ್ನೋದು ಅರ್ಥಿಂಗ್ ಇಲ್ಲದ್ದಕ್ಕೆ. ಚಾರ್ಜರ್‌ನ ಮೂರನೇ ಪಿನ್ ಮುರಿದಿಲ್ಲ ಅಂತ ನೋಡಿ, ಎರಡು ಪಿನ್ ಕನ್ವರ್ಟರ್ ಹಾಕಿದ್ದರೆ ತೆಗೆಯಿರಿ. ಆಮೇಲೆ ಲೈನ್‌ಮನ್ ಅಥವಾ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ. ಅಲ್ಲಿವರೆಗೆ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಬಳಸಲಿ ಮಕ್ಕಳು.

ಆಳಂದದ ಅಪ್ಪ

ಎಲೆಕ್ಟ್ರಿಷಿಯನ್ ಬಂದಿದ್ದರು. ಗುಂಡಿ ಪೂರ್ತಿ ಒಣಗಿತ್ತು, ತಂತಿಯೂ ತುಕ್ಕು ಹಿಡಿದು ಬಿಟ್ಟುಹೋಗಿತ್ತು. ತಂತಿ ಹೊಸದು ಹಾಕಿ, ಇದ್ದಿಲು ಉಪ್ಪು ತುಂಬಿ, ನಾಲ್ಕು ಕೊಡ ನೀರು ಹಾಕಿಸಿದರು. ಈಗ ಜುಮ್ ಅನ್ನುವುದಿಲ್ಲ. ವಾರಕ್ಕೊಮ್ಮೆ ಗುಂಡಿಗೆ ನೀರು ಹಾಕುವ ಕೆಲಸ ಮಗ ವಹಿಸಿಕೊಂಡಿದ್ದಾನೆ.